ಮಳೆಗಾಲದ ಉಡುಪಿಯಲ್ಲಿ ನೀಲಗಿರಿ ಗ್ರೀನ್ ಟೀ: ರುಚಿಗೆ ನಾಲ್ಕು ಸ್ಟಾರ್, ಲೇಬಲ್‌ಗೆ ಒಂದೂವರೆ

ನೀಲಗಿರಿಯ ಬಿಡಿ ಎಲೆಯ ಗ್ರೀನ್ ಟೀ ನಮ್ಮ ಮನೆಗೆ ಬರಲು ಶುರುವಾಗಿ ಕೆಲವು ವರ್ಷಗಳೇ ಆದವು. ಪ್ಯಾಕೆಟ್ ಮೇಲೆ ದೊಡ್ಡದಾಗಿ ‘ಇಮ್ಯುನಿಟಿ’ ಅಂತ ಇದೆ. ನನ್ನ ತಕರಾರು ಅದೊಂದರ ಮೇಲೆಯೇ.

ಮೊದಲು ರುಚಿ. ಕುದಿಯುವ ನೀರು ಸುರಿದರೆ ಕಹಿ ಗ್ಯಾರಂಟಿ. ಕುದಿಸಿ ಇಳಿಸಿ, ಸ್ವಲ್ಪ ಆರಲು ಬಿಡಿ. 80 ಡಿಗ್ರಿ ಸಾಕು. ಕಪ್ಪಿಗೆ 2 ಗ್ರಾಂ ಎಲೆ, ಎರಡು ನಿಮಿಷ, ಸೋಸಿ. ಅದೇ ಎಲೆಗೆ ಇನ್ನೊಮ್ಮೆ ನೀರು ಹಾಕಬಹುದು. ನನಗಂತೂ ಆ ಎರಡನೇ ಕಪ್ಪೇ ಇಷ್ಟ. ಟೀ ಬ್ಯಾಗ್‌ನಲ್ಲಿ ಹೆಚ್ಚಾಗಿ ಪುಡಿ ಎಲೆ, ಬೇಗ ಕಹಿ ಬಿಡುತ್ತದೆ.

ನಮ್ಮೂರಲ್ಲಿ ದೊಡ್ಡ ಶತ್ರು ತೇವ. ಜೂನ್ ಬಂದರೆ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಟೀ ಎಲೆಯ ಗತಿ? ಪ್ಯಾಕೆಟ್‌ನ ಜಿಪ್ ನಂಬಬೇಡಿ. ಎಲೆಗೆ ಹಳೇ ಗೋಣಿಚೀಲದಂಥ ವಾಸನೆ ಬರುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಳ್ಳೆಯದು. ಫ್ರಿಜ್ ಬೇಡ, ಪಕ್ಕದಲ್ಲಿ ಬಂಗುಡೆ ಮೀನು ಇದ್ದರೆ ಮುಗಿಯಿತು!

ಈಗ ಇಮ್ಯುನಿಟಿ. ನಾವು ಹಾಲು ಹಾಕಿ ಕುಡಿಯುವ ಟೀಯೂ ಇದೇ ಗಿಡದ್ದು. ಗ್ರೀನ್ ಟೀಗೆ ಎಲೆ ಕಿತ್ತ ಕೂಡಲೇ ಬಿಸಿ ಮಾಡುತ್ತಾರೆ. ಹಾಗಾಗಿ ಕ್ಯಾಟೆಚಿನ್ ಎಂಬ ಅಂಶ ಜಾಸ್ತಿ ಉಳಿಯುತ್ತದೆ. ಲ್ಯಾಬ್‌ನಲ್ಲಿ ಇದು ಕೆಲವು ವೈರಸ್‌ಗಳನ್ನು ತಡೆದದ್ದು ನಿಜ. ಆದರೆ ಲ್ಯಾಬ್‌ನ ಗಾಜಿನ ತಟ್ಟೆ ಬೇರೆ, ನಮ್ಮ ಮೈ ಬೇರೆ ಅಲ್ವಾ? ಜಪಾನಿನಲ್ಲಿ ಹೈಸ್ಕೂಲ್ ಮಕ್ಕಳು ಗ್ರೀನ್ ಟೀಯಿಂದ ಬಾಯಿ ಮುಕ್ಕಳಿಸಿದರೂ, ಬರೀ ನೀರಿನಿಂದ ಮುಕ್ಕಳಿಸಿದವರಿಗಿಂತ ಫ್ಲೂ ಹೇಳುವಷ್ಟು ಕಡಿಮೆಯಾಗಲಿಲ್ಲ. ಆ ಅಧ್ಯಯನ ಬಂದದ್ದು 2014ರಲ್ಲಿ. ಅಲ್ಲಿಯದೇ ಇನ್ನೊಂದು, 2006ರದ್ದು, 40 ಸಾವಿರಕ್ಕೂ ಹೆಚ್ಚು ಜನರ ಮೇಲಿನದು. ದಿನಕ್ಕೆ ಐದು ಕಪ್ ಅಥವಾ ಹೆಚ್ಚು ಕುಡಿಯುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು ಕಡಿಮೆ ಇತ್ತು. ಕ್ಯಾನ್ಸರ್ ಸಾವಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅವರ ಊಟ, ಓಡಾಟವೂ ಬೇರೆ ಇರಬಹುದು, ಟೀಯೇ ಕಾರಣ ಅನ್ನಲಾಗದು.

ಇಲ್ಲಿ ಮಳೆಗಾಲ ಅಂದರೆ ಡೆಂಗ್ಯೂ, ಇಲಿ ಜ್ವರ, ಮಂಗಳೂರಿನ ಕಡೆ ಮಲೇರಿಯಾ. ಇದನ್ನು ಟೀ ತಡೆಯುವುದಿಲ್ಲ. ನಿಂತ ನೀರು ಚೆಲ್ಲಬೇಕು, ಸೊಳ್ಳೆ ಪರದೆ ಕಟ್ಟಬೇಕು. ಕಾಲಿನಲ್ಲಿ ಗಾಯ ಇದ್ದರೆ ಗದ್ದೆ ನೀರಿಗೆ ಇಳಿಯಬಾರದು. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ, ಕಾಯಿಲೆ ಬಾರದಿರಲಿ ಅಂತ, ಹಾಲೆ ಮರದ ಕಷಾಯ ಕುಡಿಸುವ ಅತ್ತೆ ನನ್ನ ಕಪ್ ನೋಡಿ ನಗುತ್ತಾರೆ. ಅವರದ್ದರಲ್ಲಿ ಕಷಾಯದ ಹಿಂದೆ ಮೆಂತೆ ಗಂಜಿಯಾದರೂ ಸಿಗುತ್ತದೆ!

ನನಗೆ ಆದ ಲಾಭ ಬೇರೆ. ಸಂಜೆ ಎರಡು ಚಮಚ ಸಕ್ಕರೆಯ ಟೀ ನಿಂತಿತು. ಶೀತವಾದಾಗ ಬಿಸಿ ಕಪ್ ಗಂಟಲಿಗೆ ಹಿತ. ಅಷ್ಟಾದರೂ ಪ್ರತಿ ಮಳೆಗಾಲ ಒಮ್ಮೆ ಶೀತ ಬಂದೇ ಬರುತ್ತದೆ.

ಖಾಲಿ ಹೊಟ್ಟೆಗೆ ಕುಡಿದರೆ ನನಗೆ ಎದೆಯುರಿ. ಊಟದ ಜೊತೆಗೂ ಬೇಡ, ಸೊಪ್ಪು, ಬೇಳೆಯ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಕ್ತಹೀನತೆ ಇರುವ ಹೆಂಗಸರು ಇದನ್ನು ನೆನಪಿಡಿ. ಬಿಪಿ ಮಾತ್ರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಮಾತ್ರ ಸುಮ್ನೆ ನುಂಗಬೇಡಿ. ಅದರ ಮುಖ್ಯ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

100 ಗ್ರಾಂಗೆ ಸುಮಾರು ಐವತ್ತು ಕಪ್ ಆಗುತ್ತದೆ. ಮತ್ತೆ ತರಿಸುತ್ತೇನೆ, ಆದರೆ ಸಣ್ಣ ಪ್ಯಾಕೆಟ್ಟೇ. ಆಫರ್‌ನಲ್ಲಿ ಸಿಗುವ ಅರ್ಧ ಕಿಲೋ ಪ್ಯಾಕ್ ಕರಾವಳಿಯ ಹವೆಗೆ ಆಗಿಬರುವುದಿಲ್ಲ.