‘ಪಾಠ’ ಹೋಗಿ ‘ಪಾರ’ ಆಯಿತು: 12ಎ ಟೋನರ್ ಜೊತೆ ಆರು ವರ್ಷ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಪ್ರಶ್ನೆಪತ್ರಿಕೆ, ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆಯ ಕರಡು ಇಂಥ ಕೆಲಸ. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ, ಎತ್ತಿನ ಹಾಗೆ ದುಡಿಯುತ್ತದೆ. ಹೇಳಬೇಕಾಗಿರುವುದು ಅದರ ಹೊಟ್ಟೆಗೆ ಹಾಕುವ ಟೋನರ್ ವಿಷಯ, ಅಂದರೆ ಅಕ್ಷರ ಮೂಡಿಸುವ ಕಪ್ಪು ಪುಡಿ ಮತ್ತು ಅದರ ಡಬ್ಬಿ. ಡಬ್ಬದ ಮೇಲೆ ಕ್ಯಾನನ್‌ನವರ ನಂಬರ್ 303 ಅಂತ ಇರುತ್ತದೆ, ಅಂಗಡಿಯಲ್ಲಿ ಎಲ್ಲರೂ ಕೇಳುವುದು ಎಚ್‌ಪಿಯವರ ನಂಬರ್ 12ಎ. ಎರಡೂ ಒಂದೇ ಅಳತೆ, ಒಂದರ ಬದಲು ಇನ್ನೊಂದು ಕೂರುತ್ತದೆ.

ಎರಡು ವರ್ಷದ ಹಿಂದೆ ಫೆಬ್ರವರಿಯಲ್ಲಿ ಒಂದು ಶಾಲೆಗೆ 240 ಪ್ರಶ್ನೆಪತ್ರಿಕೆ ತೆಗೆದುಕೊಟ್ಟಿದ್ದೆ. ಮಧ್ಯಾಹ್ನ ಮೇಷ್ಟ್ರು ಕಟ್ಟು ಹಿಡಿದುಕೊಂಡು ವಾಪಸ್ ಬಂದರು. “ಏನಮ್ಮ ಇದು, ಮಕ್ಕಳು ‘ಪಾರ’ ಅಂದ್ರೇನು ಸಾರ್ ಅಂತಿದಾರೆ.” ನೋಡಿದರೆ ಹಾಳೆಯ ಎಡಗಡೆ ‘ಪಾಠ’ ಇದ್ದ ಕಡೆಯೆಲ್ಲ ‘ಪಾರ’. ‘ಕಠಿಣ’ ‘ಕರಿಣ’ ಆಗಿತ್ತು. ಠ ಅಕ್ಷರದ ಹೊಟ್ಟೆಯೊಳಗಿನ ಚುಕ್ಕಿ ಬಿದ್ದೇ ಇರಲಿಲ್ಲ. ನಾನು ಮೊದಲ ಹತ್ತು ಹಾಳೆ ನೋಡಿ ಸುಮ್ಮನಾಗಿದ್ದೆ. ಅಷ್ಟನ್ನೂ ಮತ್ತೆ ತೆಗೆದುಕೊಟ್ಟೆ, ದುಡ್ಡು ಕೇಳುವ ಮುಖ ಇರಲಿಲ್ಲ.

ಅದು 250 ರೂಪಾಯಿಗೆ ರೀಫಿಲ್ ಮಾಡಿಸಿದ ಕಾರ್ಟ್ರಿಡ್ಜ್, ಅಂದರೆ ಖಾಲಿಯಾದ ಡಬ್ಬಿಗೇ ಮತ್ತೆ ಪುಡಿ ತುಂಬಿಸಿದ್ದು. ಮಾಡಿದವರ ಹೆಸರು ಬೇಡ ಬಿಡಿ. ಪುಡಿ ಕಡಿಮೆ ಹಾಕಿದ್ದರು, ಅದೂ ಒಂದೇ ಕಡೆ ಕೂತಿತ್ತು. ಆಮೇಲೆ ಇನ್ನೊಂದು ಶುರುವಾಯಿತು. ಹಾಳೆಯ ಅಂಚಿಗೆ ಕಪ್ಪು ಮಸಿ, ಪ್ರಿಂಟರ್ ಒಳಗೆಲ್ಲ ಒಲೆ ಕೆದಕಿದ ಹಾಗೆ. ಆಗ ಗೊತ್ತಾಗಿದ್ದು ಏನೆಂದರೆ, ಈ ಡಬ್ಬಿಯಲ್ಲಿ ಎರಡು ಕೋಣೆ ಇವೆ. ಒಂದರಲ್ಲಿ ಹೊಸ ಪುಡಿ. ಪುಡಿಯನ್ನು ಅಕ್ಷರದ ಆಕಾರದಲ್ಲಿ ಹಾಳೆಗೆ ದಾಟಿಸುವ ಉರುಳೆಗೆ ಡ್ರಮ್ ಅಂತಾರೆ. ಅದರ ಮೇಲೆ ಹಾಳೆಗೆ ಅಂಟದೆ ಉಳಿದ ಪುಡಿಯನ್ನು ಒಂದು ರಬ್ಬರ್ ಬ್ಲೇಡ್ ಕೆರೆದು ಇನ್ನೊಂದು ಕೋಣೆಗೆ ತಳ್ಳುತ್ತದೆ. ಅದೇ ವೇಸ್ಟ್. ರೀಫಿಲ್ ಮಾಡುವವರು ಆ ಕೋಣೆ ಖಾಲಿ ಮಾಡದೆ ಬರೀ ಪುಡಿ ತುಂಬಿಸಿ ಕೊಟ್ಟರೆ, ಎರಡು ಮೂರು ಸಲಕ್ಕೆ ಅದು ತುಂಬಿ ಹೊರಗೆ ಚೆಲ್ಲುತ್ತದೆ. ಕೆಲವರು ಆ ವೇಸ್ಟನ್ನೇ ಮತ್ತೆ ಒಳಗೆ ಸುರಿಯುತ್ತಾರೆ! ಅದರಲ್ಲಿ ಹಾಳೆಯ ದೂಳೂ ಸೇರಿರುತ್ತದೆ.

ಸಿಟ್ಟಿನಲ್ಲಿ ಕಂಪ್ಯಾಟಿಬಲ್ ತಂದೆ, ಅಂದರೆ ಬೇರೆಯವರು ಮಾಡಿದ ಹೊಸ ಡಬ್ಬಿ. ಮೊದಲ ವಾರ ಅಕ್ಷರ ಕಡುಕಪ್ಪು, ಖುಷಿಯಾಯಿತು. ಆದರೆ ಕನ್ನಡದಲ್ಲಿ ಅತಿ ಕಪ್ಪೂ ತೊಂದರೆಯೇ. ಅನುಸ್ವಾರದ ಸೊನ್ನೆ ತುಂಬಿಕೊಂಡು ಬೊಟ್ಟು ಇಟ್ಟ ಹಾಗಾಯಿತು. ‘ಸ್ವಾತಂತ್ರ್ಯ’ದ ಒತ್ತಕ್ಷರ ಒಂದಕ್ಕೊಂದು ಅಂಟಿಕೊಂಡವು. ತಿಂಗಳೊಳಗೆ ಹಾಳೆಯ ಮೇಲೆ ಒಂದು ಚುಕ್ಕೆ, ಕೆಳಗೆ ಮತ್ತೆ ಅದೇ ಚುಕ್ಕೆ. ಸ್ಕೇಲ್ ಇಟ್ಟು ಅಳೆದೆ, ಏಳೂವರೆ ಸೆಂಟಿಮೀಟರ್‌ಗೊಂದು. ಡ್ರಮ್ ಒಂದು ಸುತ್ತು ತಿರುಗಿದರೆ ಸುಮಾರು ಅಷ್ಟೇ. ಹಾಗಾಗಿ ಏಟು ಬಿದ್ದಿರುವುದು ಡ್ರಮ್ ಮೇಲೆ, ಪುಡಿ ಬದಲಾಯಿಸಿ ಉಪಯೋಗವಿಲ್ಲ. ಈ ಸ್ಕೇಲ್ ಲೆಕ್ಕ ನೆನಪಿಟ್ಟುಕೊಳ್ಳಿ, ರಿಪೇರಿಯವರ ಮುಂದೆ ಮಾತಾಡಲು ಧೈರ್ಯ ಬರುತ್ತದೆ.

ಒರಿಜಿನಲ್, ಅಂದರೆ ಕಂಪನಿಯದೇ ಹೊಸ ಡಬ್ಬಿ ಕೂಡ ಒಂದು ಸಲ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಅಂಥ ‘ಠ’ ನಾನು ನೋಡಿರಲಿಲ್ಲ. ಚುಕ್ಕಿ ಸಾಸಿವೆ ಕಾಳಿನ ಹಾಗೆ ನಡುವೆ ಕೂತಿತ್ತು. ಆದರೆ ಆ ದುಡ್ಡಿಗೆ ನನ್ನಲ್ಲಿ ಹತ್ತಕ್ಕಿಂತ ಜಾಸ್ತಿ ರೀಫಿಲ್ ಆಗುತ್ತದೆ. ಡಬ್ಬದ ಮೇಲೆ ಹೇಳುವ 2000 ಪುಟದ ಲೆಕ್ಕ ಹಾಳೆಯ ನೂರಕ್ಕೆ 5 ಭಾಗ ಮಾತ್ರ ಕಪ್ಪಾದರೆ. ಒತ್ತೊತ್ತಾಗಿ ಬರೆದ ಪ್ರಶ್ನೆಪತ್ರಿಕೆಗೆ ಅದು ಸಾಲುವುದಿಲ್ಲ. ನನಗೆ ಬಂದಿದ್ದು 1400ರ ಆಸುಪಾಸು. ಹಾಳೆಗೆ ಎರಡು ರೂಪಾಯಿ ತೆಗೆದುಕೊಳ್ಳುವವಳಿಗೆ ಇದು ಹಬ್ಬದೂಟ, ದಿನಾ ಆಗಲ್ಲ.

ಮನೆಯಲ್ಲಿ ಒಂದು ಇಂಕ್ ಪ್ರಿಂಟರ್ ಇದೆ, ಬಣ್ಣಕ್ಕೆ. ಮಕ್ಕಳ ಪ್ರಾಜೆಕ್ಟಿಗೆ ಅಡ್ಡಿಯಿಲ್ಲ. ವಾರಕ್ಕೊಂದು ಹಾಳೆಯಾದರೂ ತೆಗೆಯದಿದ್ದರೆ ನಳಿಗೆ ಒಣಗುತ್ತದೆ, ಕ್ಲೀನಿಂಗ್ ಕೊಟ್ಟರೆ ಇಂಕ್ ಕುಡಿಯುತ್ತದೆ. ಅದರ ಬಣ್ಣದ ಮೇಲೆ ಒಂದು ಹನಿ ಮಳೆ ಬಿದ್ದರೂ ಹರಡುತ್ತದೆ. ಟೋನರ್ ಹಾಗಲ್ಲ. ಅದು ಶಾಯಿಯೇ ಅಲ್ಲ, ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಹಾಳೆಗೆ ಅಂಟುತ್ತದೆ. ಅದಕ್ಕೇ ಕೈಗೆ, ಸೀರೆಗೆ ಪುಡಿ ತಾಗಿದರೆ ಬಿಸಿನೀರು ಹಾಕಬೇಡಿ. ಕೊಡವಿ, ತಣ್ಣೀರಲ್ಲಿ ತೊಳೆಯಿರಿ. ನಾನು ಒಂದು ಸೀರೆ ಕಳೆದುಕೊಂಡ ಮೇಲೆ ಕಲಿತಿದ್ದು.

ಕೊನೆಗೆ ಮತ್ತೆ ರೀಫಿಲ್‌ಗೇ ಬಂದೆ, ಆದರೆ ಷರತ್ತು ಹಾಕಿ. ಈಗ ಒಬ್ಬ ಹುಡುಗ ಅಂಗಡಿಗೇ ಬರುತ್ತಾನೆ. 350 ತೆಗೆದುಕೊಳ್ಳುತ್ತಾನೆ, ನೂರು ಜಾಸ್ತಿ. ಹೊರಗೆ ಜಗಲಿಯ ಮೇಲೆ ಹಳೆ ಪೇಪರ್ ಹಾಸಿ, ಪಿನ್ ತೆಗೆದು, ಮೊದಲು ವೇಸ್ಟ್ ಕವರಿಗೆ ಸುರಿಯುತ್ತಾನೆ. ಬ್ಲೇಡ್ ಒರೆಸುತ್ತಾನೆ. ಡ್ರಮ್ ಬಿಚ್ಚಿದ ಕೂಡಲೇ ಕಪ್ಪು ಬಟ್ಟೆ ಹೊದಿಸುತ್ತಾನೆ, ಬೆಳಕು ತಾಗಬಾರದು ಅಂತ. “ಅಕ್ಕಾ, ಇದು ಎಳೆಮಗು ಇದ್ದಂಗೆ” ಅಂತಾನೆ. ಈ ಕಾರ್ಟ್ರಿಡ್ಜ್‌ಗೆ ಪುಡಿಯ ಲೆಕ್ಕ ಇಡುವ ಚಿಪ್ ಇಲ್ಲದಿರುವುದು ನಮ್ಮ ಪುಣ್ಯ, ತುಂಬಿಸಿ ಹಾಕಿದರೆ ಆಯಿತು. ಮೂರು ರೀಫಿಲ್‌ಗೆ ಒಂದು ಸಲ ಡ್ರಮ್ ಬದಲಾಯಿಸುತ್ತೇವೆ, ಅದಕ್ಕೆ ಬೇರೆ ದುಡ್ಡು.

ಅವನು ಹೋಗುವ ಮುಂಚೆ ನನ್ನ ಪರೀಕ್ಷೆ ಇರುತ್ತದೆ. 12 ಸೈಜಿನಲ್ಲಿ ಪಾಠ, ಮಠ, ಕಥೆ, ರಾಷ್ಟ್ರ, ಸ್ವಾತಂತ್ರ್ಯ, ಪುಟದ ತುಂಬ ಇಷ್ಟೇ. ನಾಲ್ಕು ಮೂಲೆಯ ‘ಠ’ ನೋಡುತ್ತೇನೆ. ನಾಲ್ಕರಲ್ಲೂ ಚುಕ್ಕಿ ಇದ್ದರೆ ದುಡ್ಡು ಕೊಡುತ್ತೇನೆ.

ಪುಡಿ ಮುಗಿಯುತ್ತಾ ಬಂದಾಗಿನ ಕೆಲಸ ನನಗೆ ತುಂಬಾ ಇಷ್ಟ. ಬೆಳಿಗ್ಗೆ ಕಸ ಗುಡಿಸಿ, ದೇವರಿಗೆ ಊದುಬತ್ತಿ ಹಚ್ಚಿ, ಡಬ್ಬಿ ಹೊರಗೆ ತೆಗೆಯುತ್ತೇನೆ. ಎರಡೂ ತುದಿ ಹಿಡಿದು ಮೊರದಲ್ಲಿ ಅಕ್ಕಿ ಆಡಿಸುವ ಹಾಗೆ ಎಡಕ್ಕೆ ಬಲಕ್ಕೆ ಐದಾರು ಸಲ ಮೆಲ್ಲಗೆ ಆಡಿಸುತ್ತೇನೆ. ಒಳಗೆ ಪುಡಿ ಜಾರುವುದು ಕೈಗೆ ಗೊತ್ತಾಗುತ್ತದೆ. ಜೋರಾಗಿ ಕುಲುಕಬಾರದು, ಚೆಲ್ಲುತ್ತದೆ. ಮತ್ತೆ ಹಾಕಿದರೆ ಎಡಗಡೆಯ ಮಸುಕು ಹೋಗಿ ಇನ್ನೊಂದು ಐವತ್ತು, ಕೆಲವು ಸಲ ನೂರು ಹಾಳೆ ಬರುತ್ತವೆ.

ಆ ಮೇಷ್ಟ್ರು ಈಗಲೂ ನಮ್ಮಲ್ಲೇ ತೆಗೆಸುತ್ತಾರೆ. ಕಟ್ಟು ಕೈಗೆ ಕೊಟ್ಟ ತಕ್ಷಣ ಕನ್ನಡಕ ಏರಿಸಿ ನಡುವಿನಿಂದ ಒಂದು ಹಾಳೆ ಎಳೆದು ‘ಪಾಠ’ ಎಲ್ಲಿದೆ ಅಂತ ಹುಡುಕುತ್ತಾರೆ. ನಿನ್ನೆ ಬೆಳಿಗ್ಗೆ ಆಡಿಸಿದ ಮೇಲೆ 62 ಹಾಳೆ ಬಂದಿವೆ. ಇವತ್ತು ಎಡಗಡೆಯ ಚುಕ್ಕಿ ಮತ್ತೆ ತೆಳ್ಳಗೆ ಕಾಣುತ್ತಿದೆ, ಸಂಜೆಯೊಳಗೆ ಹುಡುಗನಿಗೆ ಫೋನ್ ಮಾಡಬೇಕು.