ಯೆಜ್ಡಿ ತಾನಾಗಿ ರೇಸ್ ಆಗುತ್ತಿದ್ದರೆ ಮೊದಲು ಕಾರ್ಬುರೇಟರ್ ಮುಟ್ಟಬೇಡಿ

ಮೈಸೂರಿನ ಒಂದು ಯೆಜ್ಡಿ ಕ್ಲಾಸಿಕ್, ಹಳೇ ಟೂ-ಸ್ಟ್ರೋಕ್ ಬೈಕು. ಒಂದೇ ವರ್ಷದಲ್ಲಿ ಎರಡು ಸಲ ಪಿಸ್ಟನ್ ಜಾಮ್. ಎರಡು ಬೋರಿಂಗ್ (ಗೀರು ಬಿದ್ದ ಸಿಲಿಂಡರನ್ನು ಒಳಗಿನಿಂದ ಕೊರೆದು ಹಿಗ್ಗಿಸುವುದು), ಎರಡು ಪಿಸ್ಟನ್ ಸೆಟ್, ಒಂದು ಹೊಸ ಕಾರ್ಬುರೇಟರ್, ನಡುವೆ ಲೆಕ್ಕವಿಡದಷ್ಟು ಟ್ಯೂನಿಂಗ್. ಕೊನೆಗೆ ಸಿಕ್ಕ ಕಾರಣ ಡೈನಮೋ ಹಿಂದೆ ಕೂತಿದ್ದ, ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದ ಒಂದು ಕ್ರ್ಯಾಂಕ್ ಆಯಿಲ್ ಸೀಲ್, ಅಂದರೆ ಇಂಜಿನ್ನಿನ ಮುಖ್ಯ ಶಾಫ್ಟಿನ ಸುತ್ತ ಕೂರುವ ರಬ್ಬರ್ ಬಳೆ. ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಅಂತ ಮೂಲೆಯಲ್ಲಿ ನಿಂತ ಗಾಡಿಯನ್ನು ಅವಸರದಲ್ಲಿ ಹೊರಗೆಳೆಯುವವರು ಇದನ್ನು ಓದಿಕೊಂಡು ಕಿಕ್ಕರ್ ಒದೆಯಿರಿ.

ಆ ಗಾಡಿಯ ರೋಗಲಕ್ಷಣ ಹೀಗಿತ್ತು. ತಣ್ಣಗಿದ್ದಾಗ ಎರಡೇ ಕಿಕ್ಕಿಗೆ ಸ್ಟಾರ್ಟ್, ಐಡಲಿಂಗ್ ಕೂಡ ಚೆನ್ನ. ಹತ್ತು ನಿಮಿಷ ಓಡಿ ಇಂಜಿನ್ ಕಾದ ಮೇಲೆ ಹಾರ್ಡಿಂಜ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತರೆ ಯಾರೂ ಎಕ್ಸಲೇಟರ್ ಮುಟ್ಟದೆ ಇಂಜಿನ್ ವೇಗ ತಾನೇ ಮೇಲೇರುತ್ತಿತ್ತು. ಓಡುವಾಗ ಎಕ್ಸಲೇಟರ್ ಬಿಟ್ಟರೂ ಮೂರ್ನಾಲ್ಕು ಸೆಕೆಂಡು ಹಾಗೇ ಕೂಗಿ ಆಮೇಲೆ ಇಳಿಯುತ್ತಿತ್ತು. ಅದರ ಮುಂದಿನ ಸಿಗ್ನಲ್ಲಿನಲ್ಲಿ ಪಟ್ಟನೆ ಆಫ್. ಬೆಳಿಗ್ಗೆ ಸ್ಲೋ ಸ್ಕ್ರೂ (ಐಡಲಿಂಗ್ ಹೊಂದಿಸುವ ತಿರುಪು) ಬಿಗಿದರೆ ಸಂಜೆ ಬಿಚ್ಚಬೇಕು, ಸಂಜೆ ಬಿಚ್ಚಿದರೆ ಬೆಳಿಗ್ಗೆ ಸ್ಟಾರ್ಟ್ ಆಗಲ್ಲ.

ಮೊದಲ ಗ್ಯಾರೇಜಿನಲ್ಲಿ ಕಾರ್ಬುರೇಟರ್ ತೊಳೆದರು. ಅಲ್ಲಿಗೇ ನಿಂತಿದ್ದರೆ ನಷ್ಟವಿರಲಿಲ್ಲ. ಸ್ಲೈಡ್ (ಎಕ್ಸಲೇಟರಿಗೆ ತಕ್ಕಂತೆ ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆದು ಮುಚ್ಚುವ ಭಾಗ) ಹಿಡಿಯುತ್ತಿದೆ ಎಂದು ಎಮೆರಿ ಶೀಟಿನಲ್ಲಿ ಉಜ್ಜಿಬಿಟ್ಟರು. ಸ್ಲೈಡಿಗೂ ಅದು ಕೂರುವ ಕೊಳವೆಗೂ ನಡುವೆ ಇರಬೇಕಾದದ್ದು ಕೂದಲೆಳೆಯಷ್ಟು ಸಂದು. ಉಜ್ಜಿ ಅದನ್ನು ಹಿಗ್ಗಿಸಿದರೆ ಸ್ಲೈಡ್ ಪೂರ್ತಿ ಕೆಳಗಿದ್ದರೂ ಪಕ್ಕದಿಂದ ಗಾಳಿ ನುಗ್ಗುತ್ತದೆ, ಆ ಕಾರ್ಬುರೇಟರಿನಲ್ಲಿ ಮುಂದೆಂದೂ ಐಡಲಿಂಗ್ ನೆಲೆ ನಿಲ್ಲುವುದಿಲ್ಲ. ಎರಡನೇ ಗ್ಯಾರೇಜಿನಲ್ಲಿ ಬೇರೆ ಕಾರ್ಬುರೇಟರ್ ಹಾಕಿದರು. ಲಕ್ಷಣ ಹೋಗದಿದ್ದಾಗ ಜೆಟ್, ಅಂದರೆ ಪೆಟ್ರೋಲ್ ಹಾಯುವ ತೂತು, ದೊಡ್ಡದು ಮಾಡಿದರು. ರೇಸ್ ಆಗುವುದು ಒಂದಿಷ್ಟು ಕಡಿಮೆಯಾಯಿತು, ಗಾಡಿ ಸರಿಯಾಯಿತು ಎಂದು ದುಡ್ಡು ತೆಗೆದುಕೊಂಡರು. ಸರಿಯಾಗಿರಲಿಲ್ಲ. ಒಳಗೆ ನುಗ್ಗುತ್ತಿದ್ದ ಗಾಳಿಗೆ ಪೆಟ್ರೋಲ್ ಸುರಿದು ಲಕ್ಷಣವನ್ನು ಮುಚ್ಚಿದ್ದರು, ಅಷ್ಟೇ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಹಾಗಾಗಿ ಮಂಡ್ಯ ಕಡೆ ಹೋಗುವ ಹಳೇ ಗಾಡಿಗಳೆಲ್ಲ ಸರ್ವಿಸ್ ರಸ್ತೆಯಲ್ಲೇ. ಶ್ರೀರಂಗಪಟ್ಟಣ ದಾಟಿ ಒಂದೇ ಹದದಲ್ಲಿ ಓಡುತ್ತಿದ್ದ ಈ ಗಾಡಿ ಎಕ್ಸಲೇಟರ್ ಬಿಟ್ಟ ಗಳಿಗೆಯಲ್ಲಿ ಜಾಮ್ ಆಯಿತು. ಹಿಂದಿನ ಚಕ್ರ ಲಾಕ್ ಆಗಿ ಉಜ್ಜಿಕೊಂಡು ಹೋಯಿತು. ಕ್ಲಚ್ ಹಿಡಿಯಲು ತಡವಾಗಿದ್ದರೆ ಗಾಡಿಯ ಜೊತೆ ಸವಾರನೂ ಮಗುಚುತ್ತಿದ್ದ. ಬಿಚ್ಚಿದಾಗ ಸೈಲೆನ್ಸರ್ ಕಡೆಯ ಪಿಸ್ಟನ್ ಮೈಗೆ ಉದ್ದುದ್ದ ಗೀರು, ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂ ಚುಕ್ಕಿಗಳು. ಅಂಥ ಪ್ಲಗ್ ಕಂಡರೆ ಕಾರಣ ಹುಡುಕಲೇಬೇಕಿತ್ತು. ಬೋರಿಂಗ್ ಮಾಡಿ, ಓವರ್‌ಸೈಜ್ ಪಿಸ್ಟನ್ ಹಾಕಿ, ಅದೇ ಸೀಲಿನ ಮೇಲೆ ಮತ್ತೆ ಜೋಡಿಸಿ ಕೊಟ್ಟರು. ಹೊಸ ಪಿಸ್ಟನ್ ಹದಕ್ಕೆ ಬರುವವರೆಗೆ ಮೆಲ್ಲಗೆ ಓಡಿಸುವ ರನ್ನಿಂಗ್-ಇನ್ ಇನ್ನೂ ಮುಗಿದಿರಲಿಲ್ಲ, ಎರಡನೇ ಸಲ ಜಾಮ್.

ಹೀಗೇಕೆ ಆಗುತ್ತದೆ ಎಂದರೆ, ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸೇ, ಅಂದರೆ ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯೇ, ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ಎಳೆತ ಹುಟ್ಟುತ್ತದೆ, ಆ ಎಳೆತಕ್ಕೆ ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಬರಬೇಕು. ಕ್ರ್ಯಾಂಕಿನ ಎರಡೂ ತುದಿಯ ಸೀಲು ಈ ಪಂಪಿನ ಗೋಡೆ. ಗೋಡೆಯಲ್ಲಿ ಸಂದು ಬಿದ್ದರೆ ಅಲ್ಲಿಂದ ಬರುವುದು ಬರೀ ಗಾಳಿ. ಪೆಟ್ರೋಲ್ ಪಾಲು ಇಳಿದಂತೆ ಉರಿಯ ಬಿಸಿ ಏರುತ್ತದೆ. ಪೆಟ್ರೋಲಿನ ಜೊತೆಗೇ ಆಯಿಲ್ ಬರುವುದರಿಂದ ಪಿಸ್ಟನ್ನಿಗೆ ನುಣುಪೂ ತಪ್ಪುತ್ತದೆ. ಎಕ್ಸಲೇಟರ್ ಮುಚ್ಚಿದಾಗ ಕಾರ್ಬುರೇಟರಿನ ಬಾಯಿ ಕಟ್ಟಿಕೊಂಡು ಎಳೆತವೆಲ್ಲ ಆ ಸಂದಿನ ಮೇಲೇ ಬೀಳುತ್ತದೆ. ಅದಕ್ಕೇ ಐಡಲಿಂಗಿನಲ್ಲಿ ರೋಗ ಮೊದಲು ಕಾಣುವುದು, ಎಕ್ಸಲೇಟರ್ ಬಿಟ್ಟಾಗಲೇ ಜಾಮ್ ಆಗುವುದು. ಚಾಮುಂಡಿ ಬೆಟ್ಟ ಇಳಿಯುವಾಗ ಆಗಾಗ ಎಕ್ಸಲೇಟರ್ ತುಸು ಕೊಟ್ಟು ಇಳಿಯಿರಿ ಎಂದು ಹಳಬರು ಹೇಳುವುದು ಎಕ್ಸಲೇಟರ್ ಮುಚ್ಚಿದರೆ ಆಯಿಲ್ ಬರುವುದೂ ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ. ಸೀಲ್ ಸರಿಯಿರುವ ಗಾಡಿಗೂ ಅದು ಒಳ್ಳೆಯ ಪಾಠ.

ಯೆಜ್ಡಿ ಹುಟ್ಟಿದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಮಾಡಲು ಶುರುಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಂದರೆ ಅಲ್ಲಿಂದ ಬಂದ ಅತಿ ಎಳೆಯ ಇಂಜಿನ್ನಿಗೂ ಸುಮಾರು 30 ವರ್ಷ. ಒಳಗಿನ ರಬ್ಬರನ್ನು ಯಾರೂ ಬದಲಿಸಿಲ್ಲ ಎಂದಾದರೆ ಅದರ ವಯಸ್ಸೂ ಅಷ್ಟೇ. ಓಡದೆ ನಿಂತ ಗಾಡಿಯಲ್ಲಿ ಸೀಲಿನ ತುಟಿ ಒಣಗಿ ಶಾಫ್ಟಿಗೆ ಅಂಟಿಕೊಂಡಿರುತ್ತದೆ, ಮೊದಲ ಕಿಕ್ಕಿಗೇ ಕಿತ್ತುಬರುತ್ತದೆ.

ಪತ್ತೆ ಮಾಡುವುದು ಹೇಗೆ? ಎಲ್ಲಕ್ಕಿಂತ ಸುಲಭದ ಪರೀಕ್ಷೆಗೆ ಒಂದು ಸ್ಕ್ರೂಡ್ರೈವರ್ ಸಾಕು. ಇಂಜಿನ್ ಚೆನ್ನಾಗಿ ಕಾದ ಮೇಲೆ ಸ್ಲೋ ಸ್ಕ್ರೂವನ್ನು ಪೂರ್ತಿ ಬಿಚ್ಚಿ. ಸ್ಲೈಡ್ ತಳ ಮುಟ್ಟಿದ ಮೇಲೆ ಇಂಜಿನ್ ಆರಲೇಬೇಕು. ಆರದೆ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ, ಇಲ್ಲವೇ ಸ್ಲೈಡ್ ತಳ ಮುಟ್ಟಿಲ್ಲ. ರೇಸ್ ಆಗುತ್ತಿರುವಾಗಲೇ ಚೋಕ್ ಎಳೆದು ನೋಡಿ. ಎಳೆದ ಕೂಡಲೇ ಸದ್ದು ಇಳಿದು ಸಹಜವಾದರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ಅರ್ಥ. ಚೋಕಿಗೆ ಜಗ್ಗದಿದ್ದರೆ ಕೇಬಲ್, ಸ್ಲೈಡ್ ಕಡೆ ನೋಡಿ.

ಕೇಬಲ್ ನೋಡುವುದಕ್ಕೆ ಎರಡು ನಿಮಿಷ ಸಾಕು, ಆದರೂ ಅದನ್ನೇ ಬಿಟ್ಟು ಇಂಜಿನ್ ಬಿಚ್ಚುವವರಿದ್ದಾರೆ. ಇಂಜಿನ್ ಐಡಲಿಂಗಿನಲ್ಲಿರಲಿ, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊನೆಯವರೆಗೆ ತಿರುಗಿಸಿ. ಸದ್ದು ಬದಲಾದರೆ ಕೇಬಲ್ ಬಿಗಿಯಾಗಿದೆ ಅಥವಾ ಟ್ಯಾಂಕಿನ ಅಡಿ ಸಿಕ್ಕಿಕೊಂಡಿದೆ. ಕೇಬಲ್ಲಿನಲ್ಲಿ 2ರಿಂದ 3 ಮಿ.ಮೀ. ಸಡಿಲ ಇರಬೇಕು. ಎಕ್ಸಲೇಟರ್ ತಿರುವಿ ಬಿಟ್ಟರೆ ಸ್ಲೈಡ್ ಟಕ್ ಎಂದು ಬೀಳುವ ಸದ್ದು ಕೇಳಬೇಕು. ಸ್ಲೈಡನ್ನು ತಿರುವುಮುರುವು ಕೂರಿಸಿದ ಗಾಡಿಗಳೂ ಸಿಗುತ್ತವೆ. ಕಮಾನಿನಂತೆ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗಿರಬೇಕು. ಪಕ್ಕದ ಸೀಳು ಒಳಗಿನ ಪಿನ್ನಿಗೆ ಕೂಡದಿದ್ದರೆ ಸ್ಲೈಡ್ ಅರ್ಧದಲ್ಲೇ ನಿಂತು ಎಕ್ಸಲೇಟರ್ ತೆರೆದೇ ಉಳಿಯುತ್ತದೆ. ಅದು ನಿಜಕ್ಕೂ ಜೀವಕ್ಕೆ ಸಂಚಕಾರ, ಮುಚ್ಚಳ ಹಾಕಿದ ಮೇಲೆ ಸ್ಟಾರ್ಟ್ ಮಾಡುವ ಮೊದಲೇ ಕಿವಿಗೊಟ್ಟು ನೋಡಿ.

ಆಮೇಲೆ ಕಾರ್ಬುರೇಟರ್ ಬ್ಲಾಕಿಗೆ ಕೂರುವ ಜಾಗ. ಎರಡು ನಟ್ಟುಗಳನ್ನು ವರ್ಷಗಟ್ಟಲೆ ಅತಿಯಾಗಿ ಬಿಗಿದು ಕಾರ್ಬುರೇಟರಿನ ಫ್ಲ್ಯಾಂಜ್ (ಬ್ಲಾಕಿಗೆ ತಾಗುವ ಚಪ್ಪಟೆ ಮುಖ) ಬಿಲ್ಲಿನಂತೆ ಬಾಗಿರುತ್ತದೆ. ಕಾರ್ಬುರೇಟರ್ ತೆಗೆದು ಫ್ಲ್ಯಾಂಜನ್ನು ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ನುಸುಳಿದರೆ ಗಾಜಿನ ಮೇಲೆ 400 ನಂಬರ್ ಎಮೆರಿ ಹಾಸಿ, ಒಂದೆರಡು ಹನಿ ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿ. ಎಮೆರಿ ಬಳಸಬೇಕಾದ ಜಾಗ ಇದು, ಸ್ಲೈಡ್ ಅಲ್ಲ. ಪ್ಯಾಕಿಂಗ್ ಹೊಸದು ಹಾಕಿ. ಸಿಲಿಕಾನ್ ಪೇಸ್ಟ್ ಬಳಿದು ಮುಗಿಸಬೇಡಿ, ಪೆಟ್ರೋಲಿಗೆ ಅದು ಉಬ್ಬಿ ಚೂರಾಗಿ ಒಳಗೆ ಹೋಗುತ್ತದೆ. ಕೂರಿಸಿದ ಮೇಲೆ ಇಂಜಿನ್ ಓಡುತ್ತಿರುವಾಗ ಸಿರಿಂಜಿನಲ್ಲಿ 2ಟಿ ಆಯಿಲ್ ತೆಗೆದುಕೊಂಡು ಜೋಡಣೆಯ ಸುತ್ತ ಹನಿಸಿ. ಆಯಿಲ್ ಒಳಗೆಳೆದುಕೊಂಡು ಸದ್ದು ಬದಲಾದರೆ ಸೋರಿಕೆ ಅಲ್ಲೇ. ಸ್ಪ್ರೇ ಕ್ಲೀನರಿನಲ್ಲೂ ಇದನ್ನು ಮಾಡುತ್ತಾರೆ, ಆದರೆ ಕಾದ ಸೈಲೆನ್ಸರ್ ಬೆಂಡ್ ಪಕ್ಕದಲ್ಲೇ ಇರುವಾಗ ಆ ಸಾಹಸ ಬೇಡ.

ಈಗ ಸೀಲ್. ಎಡಗಡೆಯದು, ಅಂದರೆ ಕ್ಲಚ್ ಕಡೆಯದು ಹೋದರೆ ಒಳಗೆ ಬರುವುದು ಗೇರ್ ಆಯಿಲ್. ಸೈಲೆನ್ಸರಿನಲ್ಲಿ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಕಾರಣವಿಲ್ಲದೆ ಇಳಿಯುತ್ತಾ ಹೋಗುತ್ತದೆ, ಕಣ್ಣಿಗೆ ಬೀಳುವ ರೋಗ. ಬಲಗಡೆಯದು, ಡೈನಮೋ ಕಡೆಯದು ಹೋದರೆ ಬರುವುದು ಗಾಳಿ. ಹೊಗೆಯಿಲ್ಲ, ವಾಸನೆಯಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಡೈನಮೋ ಮುಚ್ಚಳ ತೆಗೆದು ನೋಡಿ, ಪಾಯಿಂಟ್ ಪ್ಲೇಟಿನ (ಪ್ಲಗ್ಗಿನ ಕಿಡಿಯ ಸಮಯ ಹೊಂದಿಸುವ ಪಾಯಿಂಟ್ ಕೂರುವ ತಟ್ಟೆ) ಹಿಂದೆ ಎಣ್ಣೆಯ ಪಸೆ ಕಂಡರೆ ಅನುಮಾನ ಗಟ್ಟಿ.

ಖಚಿತವಾಗಿ ತಿಳಿಯಲು ಒತ್ತಡ ಪರೀಕ್ಷೆ ಮಾಡಬೇಕು. ಗ್ಯಾರೇಜಿನವರು ಮೆಷಿನ್ ಇಲ್ಲ ಎನ್ನುತ್ತಾರೆ. ಹಳೇ ಬಿಪಿ ಯಂತ್ರದ ಗಾಳಿಯೊತ್ತುವ ಬಲ್ಬು, ಒತ್ತಡ ತೋರಿಸುವ ಗಡಿಯಾರ ಸಾಕು. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಥ್ರೆಡ್ ಇರುವ ಉಳಿದ ಲೋಹದ ಭಾಗಕ್ಕೆ ಪೈಪ್ ಸೇರಿಸಿ ಪ್ಲಗ್ ತೂತಿಗೆ ಬಿಗಿಯಿರಿ. ಕ್ಲಾಸಿಕ್‌ನದು ಜೋಡಿ ಸೈಲೆನ್ಸರ್, ಹಾಗಾಗಿ ಎರಡೂ ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಬೇಕು. ಒಂದನ್ನು ಮರೆತು ಸೀಲ್ ಹೋಗಿದೆ ಎಂದು ತೀರ್ಪು ಕೊಟ್ಟುಬಿಡಬೇಡಿ. ಕಾರ್ಬುರೇಟರ್ ಜಾಗಕ್ಕೆ ಟ್ಯೂಬ್ ರಬ್ಬರಿನ ತುಂಡಿಟ್ಟು ತಗಡಿನಿಂದ ಬಿಗಿಯಿರಿ. ಪಿಸ್ಟನ್ ತೀರಾ ಕೆಳಗಿರಲಿ, ಆಗ ಸಿಲಿಂಡರ್ ಮತ್ತು ಕ್ರ್ಯಾಂಕ್‌ಕೇಸ್ ಎರಡೂ ಒಂದೇ ಕೋಣೆಯಾಗುತ್ತವೆ. ಗಡಿಯಾರದಲ್ಲಿ 300 ಮಿ.ಮೀ.ವರೆಗೆ ಪಂಪ್ ಮಾಡಿ. ಅದು ಸುಮಾರು 6 ಪಿಎಸ್‌ಐ. ಅದಕ್ಕಿಂತ ಹೆಚ್ಚು ಬೇಡ, ಟೈರಿಗೆ ಗಾಳಿ ಹಾಕುವ ಕಂಪ್ರೆಸರ್ ಹಚ್ಚಿದರೆ ಸರಿಯಿರುವ ಸೀಲೂ ಹೊರಗೆ ಜಿಗಿಯುತ್ತದೆ. ಒಂದು ನಿಮಿಷದಲ್ಲಿ 50ಕ್ಕಿಂತ ಹೆಚ್ಚು ಇಳಿದರೆ ಸೋರಿಕೆ ಇದೆ. ಸೋಪಿನ ನೀರು ಹಚ್ಚಿ ನೊರೆ ಎಲ್ಲೇಳುತ್ತದೆ ನೋಡಿ: ಹೆಡ್, ಬ್ಲಾಕಿನ ಬುಡ, ಕ್ರ್ಯಾಂಕ್‌ಕೇಸ್ ಜೋಡಣೆ, ಪಾಯಿಂಟ್ ಪ್ಲೇಟಿನ ಹಿಂದೆ. ಈ ಗಾಡಿಯಲ್ಲಿ ನೊರೆ ಎದ್ದದ್ದು ಪಾಯಿಂಟ್ ಪ್ಲೇಟಿನ ಹಿಂದೆ. ಈ ಪರೀಕ್ಷೆ ಮಾಡಿದ್ದು ಎರಡು ಬೋರಿಂಗ್ ಆದ ಮೇಲೆ, ಮೊದಲ ಬಾರಿಗೆ.

ಸೀಲ್ ಬದಲಿಸುವ ಮುನ್ನ ಡೈನಮೋ ರೋಟರನ್ನು (ಕ್ರ್ಯಾಂಕ್ ತುದಿಯಲ್ಲಿ ತಿರುಗುವ ಭಾಗ) ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕಂಡರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ. ಬೇರಿಂಗ್ ಬಿಟ್ಟು ಸೀಲ್ ಮಾತ್ರ ಹಾಕಿದರೆ ಕೆಲವೇ ತಿಂಗಳಲ್ಲಿ ಅದೇ ಪಾಡು. ಪಾಯಿಂಟ್ ಕ್ಯಾಮ್ ಇರುವುದೂ ಅದೇ ತುದಿಯಲ್ಲಿ, ಆದ್ದರಿಂದ ಬೇರಿಂಗ್ ಆಡಿದರೆ 0.4 ಮಿ.ಮೀ. ಗೇಜಿಟ್ಟು ಹೊಂದಿಸಿದ ಪಾಯಿಂಟ್ ಸಂದು ಓಡುವಾಗ ಒಂದೊಂದು ಸುತ್ತಿಗೆ ಒಂದೊಂದು ಥರ ಆಗಿ, ಟೈಮಿಂಗ್ ಅಲೆದಾಡಿ, ಐಡಲಿಂಗ್ ಇನ್ನಷ್ಟು ಕೆಡುತ್ತದೆ. ರೋಟರ್ ತೆಗೆಯಲು ಪುಲ್ಲರ್ ಬೋಲ್ಟ್ ಬಳಸಿ. ಸುತ್ತಿಗೆ ಹಿಡಿದು ಬಂದವರನ್ನು ಅಲ್ಲೇ ತಡೆಯಿರಿ, ಪ್ರೆಸ್ ಮಾಡಿ ಕೂರಿಸಿದ ಕ್ರ್ಯಾಂಕ್ ಒಂದು ಏಟಿಗೆ ನೇರ ತಪ್ಪುತ್ತದೆ. ಹೊಸ ಸೀಲಿನ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್‌ಕೇಸ್ ಕಡೆಗೆ. ಶಾಫ್ಟಿನಲ್ಲಿ ಕೀ ಕೂರುವ ಸೀಳಿನ ಅಂಚು ತುಟಿಯನ್ನು ಕತ್ತರಿಸದಂತೆ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಸುತ್ತಿ, ತುಟಿಗೆ ಆಯಿಲ್ ಹಚ್ಚಿ ಜಾರಿಸಿ.

ಸಿಕ್ಕರೆ ವೈಟಾನ್ (ಪೆಟ್ರೋಲಿಗೂ ಬಿಸಿಗೂ ತಡೆಯುವ ರಬ್ಬರ್) ಸೀಲ್ ಕೇಳಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಹಳೇ ಕಾಲದ ರಬ್ಬರಿಗೆ ಅದು ಒಗ್ಗುವುದಿಲ್ಲ, ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕು ತರುತ್ತದೆ, ಮೇಲಾಗಿ ಅದೇ ಜೆಟ್ಟಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಜಾಮ್ ಆಗುವ ಭಯಕ್ಕೆ ಆಯಿಲ್ ಜಾಸ್ತಿ ಸುರಿಯುವವರಿಗೆ ಒಂದು ಮಾತು. ಈ ಗಾಡಿಯಲ್ಲೂ ಮೊದಲ ಬೋರಿಂಗ್ ಆದ ಮೇಲೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಲೀಟರಿಗೆ 40 ಮಿ.ಲೀ. ಇದ್ದದ್ದನ್ನು 60 ಮಾಡಿದ್ದರು. ಜೆಟ್ಟಿನ ತೂತು ಅಷ್ಟೇ ಇರುವಾಗ ಆಯಿಲ್ ಹೆಚ್ಚಿದಷ್ಟೂ ಪೆಟ್ರೋಲ್ ಪಾಲು ಇಳಿಯುತ್ತದೆ. ಗಾಳಿ ಸೋರುವ ಇಂಜಿನ್ನಿಗೆ ಅದು ಗಾಯದ ಮೇಲೆ ಬರೆ.

ರಸ್ತೆಯಲ್ಲೇ ಗಾಡಿ ತಾನಾಗಿ ಮೇಲೇರತೊಡಗಿದರೆ ಕೀ ತಿರುಗಿಸಿದರೂ ಕೆಲವೊಮ್ಮೆ ನಿಲ್ಲುವುದಿಲ್ಲ, ಕಾದ ಪ್ಲಗ್ಗಿನ ತುದಿಯೇ ಕಿಡಿಯ ಕೆಲಸ ಮಾಡುತ್ತದೆ. ಗೇರಿನಲ್ಲಿಟ್ಟು, ಎರಡೂ ಬ್ರೇಕ್ ಒತ್ತಿ ಹಿಡಿದು ಕ್ಲಚ್ ಬಿಡಿ, ಉಸಿರುಗಟ್ಟಿ ನಿಲ್ಲುತ್ತದೆ. ಅದಾದ ಮೇಲೆ ಅದೇ ಗಾಡಿಯಲ್ಲಿ ಮನೆಗೆ ಹೋಗುವ ಹಟ ಬೇಡ, ಆಟೋ ಟೆಂಪೋ ಬಾಡಿಗೆ ಬೋರಿಂಗಿಗಿಂತ ಅಗ್ಗ.

ಕೊನೆಯದಾಗಿ, ಸೀಲ್ ಬದಲಿಸಿದ ಮೇಲೆ ಈ ಹಿಂದೆ ದೊಡ್ಡದು ಮಾಡಿದ ಜೆಟ್ ತೆಗೆದು ಕಂಪನಿಯ ಅಳತೆಯದೇ ಹಾಕಿ, ಕಾರ್ಬುರೇಟರ್ ಮಿಕಾರ್ಬ್ ಕಂಪನಿಯದಾಗಿದ್ದರೆ ಏರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಒಳಗೆ ಬಿಗಿದು ಒಂದೂವರೆ ಸುತ್ತು ಹೊರಗೆ ಬಿಡಿ. ಇಂಜಿನ್ ಕಾದ ಮೇಲೆ ಕಾಲು ಕಾಲು ಸುತ್ತು ಆಚೀಚೆ ಮಾಡಿ ಸದ್ದು ಅತ್ಯಂತ ಹದವಾಗಿರುವ ಜಾಗ ಹುಡುಕಿ, ಆಮೇಲಷ್ಟೇ ಸ್ಲೋ ಸ್ಕ್ರೂ. ಹೊಸ ಪ್ಲಗ್ 0.6 ಮಿ.ಮೀ. ಸಂದಿಗೆ ಹೊಂದಿಸಿ ಹಾಕಿ, ಹತ್ತು ಕಿಲೋಮೀಟರ್ ಓಡಿಸಿ ತೆಗೆದು ನೋಡಿ. ಕಾಫಿಪುಡಿ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬಿಳಿಯಿದ್ದರೆ ಬಿಪಿ ಬಲ್ಬನ್ನು ಮತ್ತೆ ಹೊರತೆಗೆಯಿರಿ.