ಹೈಡ್ರೋಸೀಡಿಂಗ್ ಸರ್ವಿಸ್: ಮೊದಲ ದಿನದ ಹಸಿರು ನೋಡಿ ಬಿಲ್ ಪಾಸ್ ಮಾಡ್ಬೇಡಿ

ನಮ್ದು ಓಪನ್‌ಕಾಸ್ಟ್ ಕಲ್ಲಿದ್ದಲು ಗಣಿ, ನಾನಿರೋದು ಎನ್ವಿರಾನ್‌ಮೆಂಟ್ ಸೆಕ್ಷನಲ್ಲಿ. ಕಲ್ಲಿದ್ದಲು ತೆಗೆದು ಮುಗಿದ ಕಡೆ ಅದರ ಮೇಲಿದ್ದ ಮಣ್ಣು ಕಲ್ಲು, ಅಂದ್ರೆ ಓವರ್‌ಬರ್ಡನ್ ವಾಪಸ್ ತುಂಬಿ, ಇಳಿಜಾರು ಸರಿ ಮಾಡಿದ್ದ 5 ಹೆಕ್ಟೇರ್ ಜಾಗಕ್ಕೆ ಹುಲ್ಲು ಹಿಡಿಸೋಕೆ ಒಂದು ಏಜೆನ್ಸಿಗೆ ಹೈಡ್ರೋಸೀಡಿಂಗ್ ಕೆಲಸ ಕೊಟ್ಟಿದ್ವಿ. ಹೆಸರು ಹೇಳಲ್ಲ, ಯಾಕಂದ್ರೆ ತಪ್ಪಲ್ಲಿ ಅರ್ಧ ಪಾಲು ನಮ್ದೇ. ಎರಡು ಮಳೆಗಾಲ ಕಳೆದ್ಮೇಲೆ ಬರೀತಿದೀನಿ, 5ಕ್ಕೆ 3 ಸ್ಟಾರ್.

ಗೊತ್ತಿಲ್ದೋರಿಗೆ ಒಂದು ಮಾತು. ನೀರು, ಹುಲ್ಲಿನ ಬೀಜ, ದ್ವಿದಳ ಗಿಡದ ಬೀಜ, ಗೊಬ್ಬರ, ಮಣ್ಣಿಗೆ ಹೊದಿಕೆ ಥರ ಕೂರೋ ಮರದ ನಾರಿನ ಮಲ್ಚ್, ಅದು ಜಾರದೇ ಇರ್ಲಿ ಅಂತ ಗೋರಿಕಾಯಿ ಬೀಜದಿಂದ ತೆಗೆಯೋ ಗ್ವಾರ್ ಗಮ್, ಇದಿಷ್ಟನ್ನೂ ಒಂದೇ ಟ್ಯಾಂಕಲ್ಲಿ ಕಲಸಿ ಪೈಪಲ್ಲಿ ಗುಡ್ಡಕ್ಕೆ ಹೊಡೀತಾರೆ. ಮನುಷ್ಯ ನಿಲ್ಲೋಕಾಗದ ಇಳಿಜಾರಲ್ಲೂ ಬೀಜ ಹೋಗಿ ಕೂರುತ್ತೆ. ಎಲ್ಲಿ ಹೊಡೆದಾಯ್ತು ಎಲ್ಲಿ ಬಿಟ್ಟೋಯ್ತು ಅಂತ ಆಪರೇಟರ್‌ಗೆ ಕಾಣ್ಲಿ ಅಂತ ಅದಕ್ಕೆ ಹಸಿರು ಬಣ್ಣ ಬೇರೆ ಬೆರೆಸಿರ್ತಾರೆ. ಇಲ್ಲೇ ಇರೋದು ತಮಾಷೆ. ಮೊದಲ ದಿನ ಸಂಜೆ ಹೊತ್ತಿಗೆ ಗುಡ್ಡ ಹಸಿರೋ ಹಸಿರು, ನಮ್ ಮ್ಯಾನೇಜರ್ ಸಾಹೇಬ್ರು ಫೋಟೋ ತೆಗೆದು ಆಫೀಸ್ ಗ್ರೂಪಿಗೆ ಹಾಕಿ ಶಹಬ್ಬಾಸ್ ಅಂದ್ರು, ಬೀಜ ಇನ್ನೂ ಸರಿಯಾಗಿ ನೆಂದೂ ಇರ್ಲಿಲ್ಲ.

ಒಳ್ಳೇದು ಮೊದಲು ಹೇಳ್ತೀನಿ. ಅವರ ಸೂಪರ್‌ವೈಸರ್‌ಗೆ ಕೆಲಸ ಗೊತ್ತು. ಬಂದವನೇ ಗಣಿ ನೀರು ನಿಲ್ಲಿಸಿ ಕೆಸರು ಇಳಿಸೋ ನಮ್ ಸೆಟ್ಲಿಂಗ್ ಪಾಂಡ್ ಹತ್ರ ಕೂತು ಮೀಟರ್ ಅದ್ದಿ ನೋಡಿ, "ಸಾರ್ ಈ ನೀರಲ್ಲಿ ಬೀಜ ಕಣ್ಣು ಬಿಡಲ್ಲ" ಅಂದ. ನಂಗೆ ಸಿಟ್ಟು ಬಂತು, ಕನ್ನಡಿ ಥರ ತಿಳಿಯಾಗಿದ್ದ ನೀರದು. ಆದ್ರೆ ಅವನು ಹೇಳಿದ್ದೇ ಸರಿ, ಪಾಂಡಲ್ಲಿ ನೀರು ನಿಂತ್ರೆ ಕೆಳಗಿಳಿಯೋದು ಕೆಸರು ಮಾತ್ರ, ಕರಗಿರೋ ಉಪ್ಪು ಹಾಗೇ ಉಳ್ಕೊಳ್ಳುತ್ತೆ. ಗಣಿ ತಳದ ಸಂಪಿಂದ ಪಂಪ್ ಮಾಡೋ ನೀರು ಕಲ್ಲಿನ ಸಂದಿಲಿ ಹರಿದು ಬಂದಿರುತ್ತೆ, ಆ ಕಲ್ಲಲ್ಲಿ ಪೈರೈಟ್ ಅನ್ನೋ ಕಬ್ಬಿಣ-ಗಂಧಕದ ಖನಿಜ ಇದ್ದು ಗಾಳಿ ನೀರು ಎರಡೂ ತಾಗಿದ್ರೆ ಸಲ್ಫ್ಯೂರಿಕ್ ಆಸಿಡ್ ಆಗುತ್ತೆ, ಕೆಲವು ಗಣಿಗಳ ಚರಂಡಿಲಿ ಕಾಣೋ ಕಿತ್ತಳೆ ಬಣ್ಣದ ಲೋಳೆ ಅದರ ಜೊತೆ ಬರೋ ಕಬ್ಬಿಣ. ನಮ್ದರಲ್ಲಿ ಆಸಿಡ್ ಇರ್ಲಿಲ್ಲ, ಉಪ್ಪಿತ್ತು. ಗಣಿ ಡಂಪರ್ ಓಡೋ ಹಾಲ್ ರೋಡಿನ ಧೂಳಿಗೆ ಹೊಡೆಯೋಕೆ ಅದೇ ನೀರು ನಡೆಯುತ್ತೆ, ಬೀಜಕ್ಕೆ ನಡೆಯಲ್ಲ. ಕೊನೆಗೆ ಮಳೆನೀರಿನ ಹೊಂಡದಿಂದ ಟ್ಯಾಂಕ್ ತುಂಬಿಸಿದ್ವಿ.

ನೀರು ಎಷ್ಟು ಬೇಕಾಗುತ್ತೆ ಅಂತ ನಂಗೆ ಮೊದಲೇ ಭಯ ಇತ್ತು. ಲೆಕ್ಕ ಹಾಕಿ ನೋಡಿದ್ರೆ ನಗು ಬಂತು. 4000 ಲೀಟರ್ ಟ್ಯಾಂಕ್, ಎಲ್ಲಾ ಸೇರಿ 45 ಲೋಡ್, ಅಂದ್ರೆ 1,80,000 ಲೀಟರ್. ಆ ರೋಡಿಗೆ ನೀರು ಹೊಡೆಯೋ ನಮ್ ಸ್ಪ್ರಿಂಕ್ಲರ್ ಗಾಡಿ ಒಂದೊಂದೂ 28,000 ಲೀಟರಿಂದು, ಬಿಸಿಲು ಜೋರಿದ್ರೆ ಒಂದೇ ಗಾಡಿ ದಿನಕ್ಕೆ 10 ಟ್ರಿಪ್ ಹೊಡೆಯುತ್ತೆ, ಹೊಡೆದು ಸ್ವಲ್ಪ ಹೊತ್ತಿಗೇ ರೋಡ್ ಮತ್ತೆ ಬೆಳ್ಳಗೆ, ಜಾಸ್ತಿ ಹೊಡೆದ್ರೆ ಡಂಪರ್ ಜಾರುತ್ತೆ. 5 ಹೆಕ್ಟೇರಿಗೆ ಬೀಜ ಹೊಡೆಯೋ ನೀರು ಒಂದು ಸ್ಪ್ರಿಂಕ್ಲರಿನ ಒಂದು ದಿನದ ಖರ್ಚೂ ಅಲ್ಲ!

ಆದ್ರೆ ನಿಜವಾದ ನೀರಿನ ಖರ್ಚು ಆಮೇಲೆ ಶುರು, ಅದು ಕೊಟೇಶನಲ್ಲಿ ಎಲ್ಲೂ ಇರ್ಲಿಲ್ಲ. ಮೊದಲ ಮಳೆಗೆ ಬೀಜ ಮೊಳೀತು, ಆಮೇಲೆ ಎರಡು ವಾರ ಮೋಡ ಕೂಡ ಇಲ್ಲ. ಫೋನ್ ಮಾಡಿದ್ರೆ "ಮೇಂಟೆನೆನ್ಸ್ ನಿಮ್ ಸ್ಕೋಪ್ ಸಾರ್" ಅಂದ್ರು. 5 ಹೆಕ್ಟೇರಿಗೆ ಬರೀ 5 ಮಿಲಿಮೀಟರ್ ನೀರು ಕೊಡೋಕೇ 2,50,000 ಲೀಟರ್ ಬೇಕು, ಅಂದ್ರೆ ಒಂದ್ಸಲ ನೀರು ಹಾಯಿಸೋದು ಇಡೀ ಬಿತ್ತನೆಗಿಂತ ಜಾಸ್ತಿ. ಮಳೆನೀರಿನ ಹೊಂಡದಿಂದ ತುಂಬಿಸಿ ಹಾಲ್ ರೋಡಿನ ಸ್ಪ್ರಿಂಕ್ಲರನ್ನೇ ಆಕಡೆ ತಿರುಗಿಸಿದ್ವಿ, ಈಕಡೆ ರೋಡಲ್ಲಿ ಧೂಳೆದ್ದು ಶಿಫ್ಟ್ ಇನ್‌ಚಾರ್ಜ್ ನನ್ ಮೇಲೆ ಕೂಗಾಡಿದ್ರು, ಸಾಲದ್ದಕ್ಕೆ ಸ್ಪ್ರಿಂಕ್ಲರಿನ ಗನ್ ಫೋರ್ಸಿಗೆ ಮಲ್ಚ್ ಕೊಚ್ಕೊಂಡೋಗಿ ಇಳಿಜಾರಲ್ಲಿ ಬೆರಳಗಲದ ಕೊರಕಲು ಬಿದ್ವು. ಒಂದು ಸ್ಟಾರ್ ಅಲ್ಲೇ ಕಟ್. ಗ್ಯಾರಂಟಿ ಬೇರೆ 90 ದಿನ ಅಷ್ಟೇ. ಅಮೆರಿಕದ 1977ರ ಸರ್ಫೇಸ್ ಮೈನಿಂಗ್ ಕಾನೂನು ನೋಡಿ, ಕೊನೇ ಸಲ ಬಿತ್ತಿದ್ಮೇಲೆ 5 ವರ್ಷ, ವರ್ಷಕ್ಕೆ 26 ಇಂಚು ಅಥ್ವಾ ಕಮ್ಮಿ ಮಳೆ ಬೀಳೋ ಕಡೆ 10 ವರ್ಷ ಗಣಿಯೋರೇ ಹೊಣೆ ಅನ್ನುತ್ತೆ. ಇವರು 90 ದಿನಕ್ಕೆ ಕೈ ತೊಳ್ಕೋತಾರೆ.

ಇನ್ನು ನಮ್ ತಪ್ಪು. ಅರ್ಧ ಜಾಗಕ್ಕೆ ಗಣಿಲಿ ಹೊಸದಾಗಿ ಅಗೆಯೋ ಕಡೆಯಿಂದ ತೆಗೆದ ಮೇಲ್ಮಣ್ಣು ನೇರ ತಂದು ಹಾಸಿದ್ವಿ. ಇನ್ನರ್ಧಕ್ಕೆ ವರ್ಷಗಟ್ಟಲೆ ಎತ್ತರದ ರಾಶಿಲಿ ಬಿದ್ದಿದ್ದ ಮಣ್ಣು. ಅಂಥ ರಾಶಿಯ ಒಳಗೆ ಗಾಳಿ ಹೋಗಲ್ಲ, ಬೀಜ ಸೂಕ್ಷ್ಮಜೀವಿ ಹೆಚ್ಚಿನವು ಸತ್ತು ಹೆಚ್ಚುಕಮ್ಮಿ ಬರೀ ಮಣ್ಣು ಉಳಿದಿರುತ್ತೆ. ಮೇಲಿಂದ ಅದು ಒದ್ದೆ ಇರೋವಾಗ್ಲೇ ನಮ್ ಡೋಜರ್ ನಾಲ್ಕು ಸಲ ಓಡಾಡಿ ನೈಸ್ ಮಾಡಿದೆ, ನೋಡೋಕೆ ಚಂದ ಕಾಣ್ಲಿ ಅಂತ. ಸೂಪರ್‌ವೈಸರ್ ಒತ್ತಿ ಗಟ್ಟಿಯಾದ ಮಣ್ಣು ಸೀಳಿ ಸಡಿಲ ಮಾಡೋಕೆ "ಒಂದ್ಸಲ ರಿಪ್ಪರ್ ಹೊಡೆಸಿ ಸಾರ್" ಅಂದಿದ್ದ, ಟೈಮಿಲ್ಲ ಅಂತ ನಾವೇ ಬೇಡ ಅಂದ್ವಿ.

ಮೊನ್ನೆ ಕಬ್ಬಿಣದ ಸರಳು ತಗೊಂಡು ಹೋಗಿದ್ದೆ. ಹೊಸ ಮಣ್ಣಿನ ಕಡೆ ಕೈಯಲ್ಲಿ ಒತ್ತಿದ್ರೆ ಮೊಳದುದ್ದ ಇಳೀತು, ಹುಲ್ಲು ಮೊಣಕಾಲುದ್ದ, ಬಿತ್ತದೇ ಇದ್ದ ಗಿಡಗಳೂ ತಾವಾಗೇ ಎದ್ದಿವೆ. ಹಳೇ ರಾಶಿ ಮಣ್ಣಿನ ಕಡೆ ಗೇಣುದ್ದಕ್ಕೂ ಮುಂಚೆ ಟಣ್ ಅಂತು. ಒಂದು ಬುಡ ಕಿತ್ತು ನೋಡಿದ್ರೆ ಬೇರು ಕೆಳಗೆ ಹೋಗೋಕಾಗದೆ ಅಡ್ಡಡ್ಡ ತಿರುಗಿ ತಟ್ಟೆ ಥರ ಹರಡ್ಕೊಂಡಿದೆ. ಅಮೆರಿಕದ ಅಪಲೇಚಿಯ ಬೆಟ್ಟಗಳ ಕಡೆ ಗಣಿ ಜಾಗದಲ್ಲಿ ಕಾಡು ಬೆಳೆಸೋರು ಕಮ್ಮಿ ಅಂದ್ರೂ 4 ಅಡಿ ಸಡಿಲ ಮಣ್ಣಿರಲಿ, ಮೇಲೆ ಒರಟಾಗೇ ಬಿಡಿ ಅಂತಾರೆ. ಇದಕ್ಕೆ ಏಜೆನ್ಸಿಯನ್ನ ಬೈಯೋದು ನ್ಯಾಯ ಅಲ್ಲ.

ಮುಂದಿನ ಪ್ಯಾಚಿಗೂ ಇವರನ್ನೇ ಕರೆದಿದೀವಿ, ಈ ಸಲ ನೀರು ಹಾಯಿಸೋದೂ ಅವರ ಸ್ಕೋಪಿಗೆ ಬರೆಸಿದೀವಿ, ರಿಪ್ಪರ್ ಈಗಾಗ್ಲೇ ಓಡ್ತಾ ಇದೆ. ಆ ಹಸಿರು ಬಣ್ಣ ಸ್ವಲ್ಪ ಕಮ್ಮಿ ಹಾಕಪ್ಪ ಅಂದೆ. ಸೂಪರ್‌ವೈಸರ್ ನಕ್ಕು, "ಆಮೇಲೆ ನಿಮ್ ಸಾಹೇಬ್ರಿಗೆ ಫೋಟೋ ಬೇಡ್ವಾ ಸಾರ್" ಅಂದ.